ಹೂವಿಗೆ ಹಾಕುವ ಬೀಗ: ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಕಾರ್ಯದರ್ಶಿಗಳಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ನಮಸ್ಕಾರ.

ಹೋದ ತಿಂಗಳು ನನ್ನ ನರ್ಸರಿಗೆ ಒಬ್ಬರು ಬಂದು ಕಿತ್ತಳೆ ಬಣ್ಣದ ಪೆಟೂನಿಯಾ ಕೇಳಿದರು. ನೇರಳೆ ಇತ್ತು, ಬಿಳಿ ಇತ್ತು, ಗುಲಾಬಿ ಬಣ್ಣದ್ದೂ ಇತ್ತು. ಕಿತ್ತಳೆ ಇರಲಿಲ್ಲ. "ಮೊಬೈಲಲ್ಲಿ ನೋಡಿದ್ದೀನಿ ಮೇಡಂ, ಎಲ್ಲಿಂದಾದ್ರೂ ತರಿಸಿಕೊಡಿ" ಅಂದರು. ನಾನು ನಕ್ಕು ನೇರಳೆ ಬಣ್ಣದ ಎರಡು ಗಿಡ ಕೊಟ್ಟು ಕಳಿಸಿದೆ. ಆ ಕಿತ್ತಳೆ ಹೂವಿನ ಕತೆ ಹೇಳುವಷ್ಟು ಪುರುಸೊತ್ತು ಆಗ ಇರಲಿಲ್ಲ. ಈಗ ನಿಮಗೆ ಹೇಳುತ್ತೇನೆ. ಕುಲಾಂತರಿ ಬೆಳೆ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆ, ಹೊಲದಿಂದ ಆಚೆ ಹರಡದಂತೆ ಗಿಡದ ಒಳಗೇ ಹಾಕುವ ಬೀಗದ ಬಗ್ಗೆ ಈ ಪತ್ರ ಬರೆಯೋಣ ಅನ್ನಿಸಿದ್ದೇ ಅದರಿಂದ.

ಪೆಟೂನಿಯಾ ಸಾಮಾನ್ಯವಾಗಿ ಕಿತ್ತಳೆ ಬಣ್ಣ ಕಟ್ಟುವುದಿಲ್ಲ. 1980ರ ದಶಕದಲ್ಲಿ ಜರ್ಮನಿಯ ವಿಜ್ಞಾನಿಗಳು ಮೆಕ್ಕೆಜೋಳದ ಒಂದು ಜೀನ್ ತೆಗೆದು ಪೆಟೂನಿಯಾಗೆ ಸೇರಿಸಿದರು. ಹೂವು ಇಟ್ಟಿಗೆ ಬಣ್ಣಕ್ಕೆ ತಿರುಗಿತು. 1990ರಲ್ಲಿ ಕಲೋನ್ ಊರಿನಲ್ಲಿ ಅಂಥ ಸುಮಾರು 30,000 ಗಿಡಗಳನ್ನು ಬಯಲಲ್ಲಿ ನೆಟ್ಟು ಪರೀಕ್ಷೆ ಮಾಡಿದರು. ಪರೀಕ್ಷೆ ಮುಗಿಯಿತು, ಮಾರಾಟಕ್ಕೆ ಯಾರೂ ಅನುಮತಿ ಪಡೆಯಲಿಲ್ಲ, ಜನ ಮರೆತರು. 2015ರಲ್ಲಿ ಫಿನ್ಲೆಂಡಿನ ಒಬ್ಬ ಸಸ್ಯ ವಿಜ್ಞಾನಿ ಹೆಲ್ಸಿಂಕಿ ರೈಲು ನಿಲ್ದಾಣದ ಹೊರಗೆ ಕುಂಡದಲ್ಲಿ ಅದೇ ಬಣ್ಣದ ಹೂವು ಕಂಡರು. ಅನುಮಾನ ಬಂತು. ತುಂಡು ಮುರಿದುಕೊಂಡು ಹೋಗಿ ಲ್ಯಾಬಿನಲ್ಲಿ ನೋಡಿದರೆ ಒಳಗೆ ಮೆಕ್ಕೆಜೋಳದ ಜೀನ್! 2017ರಲ್ಲಿ ಯುರೋಪು, ಅಮೆರಿಕ ಎರಡೂ ಕಡೆ ನರ್ಸರಿಯವರು ರಾಶಿ ರಾಶಿ ಪೆಟೂನಿಯಾ ಕಿತ್ತು ನಾಶ ಮಾಡಬೇಕಾಯಿತು.

ಯಾರಿಗೂ ಏನೂ ಆಗಲಿಲ್ಲ, ನಿಜ. ಪೆಟೂನಿಯಾನ ಯಾರೂ ಪಲ್ಯ ಮಾಡಲ್ಲ. 2021ರಲ್ಲಿ ಅಮೆರಿಕ ಸರ್ಕಾರ ಇದರಿಂದ ಅಪಾಯ ಇಲ್ಲ ಅಂತ ಬಿಟ್ಟೂ ಬಿಟ್ಟಿತು. ನನ್ನ ತಲೆ ಕೊರೆಯುವುದು ಬೇರೆ ವಿಷಯ. ಆ ಜೀನನ್ನು ಯಾವ ದುಂಬಿಯೂ ಹೊತ್ತು ತಂದಿರಲಿಲ್ಲ. ತಳಿ ಮಾಡುವವರ ಕೈಯಿಂದ ಕೈಗೆ, ಬೀಜದ ಪೊಟ್ಟಣದಿಂದ ಪೊಟ್ಟಣಕ್ಕೆ ಬಂದಿತ್ತು. ಅಷ್ಟೊಂದು ಲ್ಯಾಬ್ ಇರುವ ದೇಶಗಳಲ್ಲಿ, ಕಣ್ಣಿಗೆ ಹೊಡೆಯುವ ಬಣ್ಣ ಇದ್ದರೂ, ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಬಣ್ಣವೇ ಇಲ್ಲದ ಜೀನ್ ಆಗಿದ್ದರೆ?

ನಾನು ಯಾರು ಅಂತ ಹೇಳಿಬಿಡುತ್ತೇನೆ. ಹೆಸರಘಟ್ಟ ರಸ್ತೆಯಲ್ಲಿ ಒಂದು ಸಣ್ಣ ನರ್ಸರಿ ಇಟ್ಟುಕೊಂಡಿದ್ದೇನೆ. ಅದಕ್ಕೂ ಮೊದಲು 19 ವರ್ಷ ಒಂದು ತರಕಾರಿ ಬೀಜದ ಕಂಪನಿಯಲ್ಲಿ ಕ್ರಾಸಿಂಗ್, ಅಂದರೆ ಒಂದು ತಳಿಯ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಮುಟ್ಟಿಸುವ ಕೆಲಸ ಮಾಡಿದೆ. ಕೊನೆಯ 6 ವರ್ಷ ಮೇಲ್ವಿಚಾರಕಿ. ನಾನು ವಿಜ್ಞಾನಿ ಅಲ್ಲ. ಪಿಯುಸಿ ಓದಿದ್ದೇನೆ, ಉಳಿದದ್ದನ್ನು ಕಂಪನಿಯ ಸಾರ್‌ಗಳ ಬಾಯಿಂದ ಮತ್ತು ನನ್ನ ತಪ್ಪುಗಳಿಂದ ಕಲಿತದ್ದು. ಕುಲಾಂತರಿ ವಿರೋಧಿಯೂ ಅಲ್ಲ. ಬಿಟಿ ಹತ್ತಿ (ಹುಳ ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ) ಬೆಳೆದು ನೆಮ್ಮದಿಯಾಗಿರುವ ನೆಂಟರೂ ಇದ್ದಾರೆ, ಅದೇ ಹತ್ತಿಯಿಂದ ಕೈ ಸುಟ್ಟುಕೊಂಡವರೂ ಇದ್ದಾರೆ.

ಪತ್ರ ನಿಮಗೇ ಯಾಕೆ ಅಂದರೆ, ಕುಲಾಂತರಿ ಜೀವಿಗಳ ಬಗ್ಗೆ ಕೇಂದ್ರ ಮಾಡಿದ 1989ರ ನಿಯಮಗಳ ಪ್ರಕಾರ ರಾಜ್ಯ ಜೈವಿಕ ತಂತ್ರಜ್ಞಾನ ಸಮನ್ವಯ ಸಮಿತಿಗೆ ಮುಖ್ಯ ಕಾರ್ಯದರ್ಶಿಗಳೇ ಅಧ್ಯಕ್ಷರು. ಜಿಲ್ಲಾ ಮಟ್ಟದ ಸಮಿತಿಗೆ ಡಿಸಿ ಅಧ್ಯಕ್ಷರು. ಕುಲಾಂತರಿ ಬೆಳೆಯ ಹೊಲದ ಪರೀಕ್ಷೆಗೆ ದೆಹಲಿಯ ಜಿಇಎಸಿ (ಕುಲಾಂತರಿಗಳನ್ನು ಪರಿಶೀಲಿಸುವ ಕೇಂದ್ರದ ಸಮಿತಿ) ಒಪ್ಪಿದರೂ 2011ರಿಂದ ರಾಜ್ಯದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ ಬೇಕು. ಅಂದರೆ ನಮ್ಮ ಹೊಲದ ಗೇಟಿನ ಒಂದು ಕೀಲಿ ನಿಮ್ಮ ಕೈಯಲ್ಲಿದೆ.

ಇತ್ತೀಚೆಗೆ ಇಂಥ ಬೆಳೆಗಳ ಚರ್ಚೆ ಬಂದಾಗಲೆಲ್ಲ ಒಂದು ಸಮಾಧಾನದ ಮಾತು ಕೇಳಿಬರುತ್ತೆ. "ಹೆದರಬೇಡಿ, ಗಿಡದ ಒಳಗೇ ಬೀಗ ಹಾಕಿರ್ತೀವಿ." ಜೈವಿಕ ತಡೆ ಅಂತ ಅದಕ್ಕೆ ಹೆಸರು. ಬಲೆ, ಬೇಲಿ, ಅಂತರ ಇವೆಲ್ಲ ಹೊರಗಿನ ತಡೆ. ಜೈವಿಕ ತಡೆ ಅಂದರೆ ಗಿಡದ ಹುಟ್ಟುಗುಣವನ್ನೇ ಬದಲಿಸಿ ಪರಾಗ, ಬೀಜ ಆಚೆ ಹೋಗದಂತೆ ಮಾಡುವುದು. ಒಳ್ಳೆಯ ಯೋಚನೆಯೇ. ನಾನು ಬೇಡ ಅನ್ನಲ್ಲ. ಆದರೆ 19 ವರ್ಷ ಹೂವಿಗೆ ಬೀಗ ಹಾಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ ಆ ಮಾತು ಕೇಳಿದಾಗ ಸುಮ್ನೆ ತಲೆ ಆಡಿಸಿ ಕೂರೋಕೆ ಆಗಲ್ಲ.

ನಮ್ಮ ಕೆಲಸ ಹೀಗಿತ್ತು. ಸಂಜೆ ಹೊತ್ತು ಬದನೆ ಸಾಲಿಗೆ ಹೋಗಿ ನಾಳೆ ಅರಳುವ ಮೊಗ್ಗು ಯಾವುದು ಅಂತ ಗುರುತಿಸಬೇಕು. ಚಿಮಟದಿಂದ ಮೊಗ್ಗು ಬಿಡಿಸಿ ಹಳದಿ ಪರಾಗದ ಕೋಶಗಳನ್ನು ಒಂದೂ ಬಿಡದೆ ಕೀಳಬೇಕು. ಪೇಪರ್ ಚೀಲ ಹಾಕಿ ಮುಚ್ಚಬೇಕು. ಬೆಳಿಗ್ಗೆ ಬಂದು ಗಂಡು ಸಾಲಿನ ಪರಾಗ ಮುಟ್ಟಿಸಿ ಕೆಂಪು ದಾರ ಕಟ್ಟಬೇಕು. ಒಬ್ಬೊಬ್ಬಳಿಗೆ ದಿನಕ್ಕೆ ನೂರಾರು ಹೂವು. ಕಣ್ಣು ಉರಿಯುತ್ತೆ, ಸೊಂಟ ಹಿಡಿಯುತ್ತೆ. ಮಧ್ಯೆ ಮನೆಯಿಂದ ಫೋನ್ ಬಂದರೆ ಯಾವ ಹೂವಿಗೆ ಚೀಲ ಹಾಕಿದೆ, ಯಾವುದಕ್ಕೆ ಹಾಕಲಿಲ್ಲ ಅನ್ನೋದೇ ಮರೆತುಹೋಗುತ್ತೆ.

ಬಂದ ಬೀಜ ಸರಿ ಇದೆಯಾ ಅಂತ ಗ್ರೋಔಟ್ ಟೆಸ್ಟ್ ಮಾಡುತ್ತಿದ್ದೆವು. ಬಿತ್ತಿ ಬೆಳೆಸಿ ಒಂದೊಂದು ಗಿಡವನ್ನೂ ನೋಡುವುದು. ಒಂದು ವರ್ಷ ಉದ್ದ ನೇರಳೆ ಬದನೆಯ ಮಧ್ಯೆ ದುಂಡನೆಯ ಹಸಿರು ಪಟ್ಟೆಯ ಕಾಯಿ ಕಾಣಿಸಿತು. ಒಂದಲ್ಲ, ಅಲ್ಲೊಂದು ಇಲ್ಲೊಂದು. ಹುಡುಕಿದರೆ ಬಲೆಮನೆಯ ಮೂಲೆಯಲ್ಲಿ ಅಂಗೈ ಅಗಲದ ತೂತು. ಇಲಿ ಕಡಿದಿತ್ತು. ಒಂದು ಕಪ್ಪು ದುಂಬಿ ಒಳಗೆ ಹೊರಗೆ ಅಂತ ಆರಾಮಾಗಿ ಓಡಾಡಿಕೊಂಡಿತ್ತು. ಹೊರಗಿನ ಹಿತ್ತಲಲ್ಲಿ ಕಾವಲುಗಾರರ ಮನೆಯವರು ಹಾಕಿಕೊಂಡ ನಾಟಿ ಬದನೆ ಇತ್ತು. ರಿಜಿಸ್ಟರ್ ತೆಗೆದು ನೋಡಿದರೆ ಅಷ್ಟೂ ವಾರ "ಬಲೆ ಸರಿ ಇದೆ" ಅಂತಲೇ ಬರೆದಿತ್ತು. ಬರೆದವಳು ನಾನೇ. ಬಲೆಯ ಮೂಲೆವರೆಗೆ ಹೋಗಿ ನೋಡದೆ, ಮೇಲಿನವರು ಸಹಿ ಕೇಳಿದಾಗ ಬರೆದುಕೊಟ್ಟಿದ್ದೆ. ಆ ಬೀಜದ ಲಾಟ್ ಪೂರ್ತಿ ಎಸೆದೆವು. ಅದು ಕುಲಾಂತರಿ ಅಲ್ಲ, ಮಾಮೂಲಿ ಹೈಬ್ರಿಡ್. ಹಾಗಾಗಿ ನಷ್ಟ ಕಂಪನಿಯ ಗೋಡೆಯ ಒಳಗೇ ಮುಗಿಯಿತು.

ಸರ್ಕಾರಕ್ಕೂ ಇದು ಗೊತ್ತಿಲ್ಲದ್ದೇನಲ್ಲ. ಬೀಜ ಪ್ರಮಾಣೀಕರಣದ ನಿಯಮದಲ್ಲೇ ಹೈಬ್ರಿಡ್ ಬೀಜಕ್ಕೆ ನೂರಕ್ಕೆ 95 ಶುದ್ಧತೆ ಇದ್ದರೆ ಸಾಕು. ಕೈಯಲ್ಲಿ ಕ್ರಾಸ್ ಮಾಡುವ ಹತ್ತಿಗೆ 90 ಸಾಕು. ಅಂದರೆ ಒಂದೊಂದು ಹೂವನ್ನೂ ಕೈಯಾರೆ ಮುಚ್ಚುವ ಕಡೆಯೂ ನೂರಕ್ಕೆ 5, 10 ತಪ್ಪು ಆಗುತ್ತೆ ಅಂತ ಕಾನೂನೇ ಒಪ್ಪಿಕೊಂಡಿದೆ. ಹೈಬ್ರಿಡ್ ಬೀಜದಲ್ಲಿ 5 ತಪ್ಪಾದರೆ ರೈತ ಬೈಯುತ್ತಾನೆ, ಅಷ್ಟೇ. ಪರೀಕ್ಷೆಯಲ್ಲಿರುವ ಕುಲಾಂತರಿಯಲ್ಲಿ ಆ ಲೆಕ್ಕ ನಡೆಯಲ್ಲ ಅಲ್ವಾ?

ಅದಕ್ಕೇ ಮನುಷ್ಯರ ಕೈ ಬೇಡ, ಗಿಡವೇ ನೋಡಿಕೊಳ್ಳಲಿ ಅಂತ ವಿಜ್ಞಾನಿಗಳು ಹೊರಟಿದ್ದಾರೆ. ಅವರ ಬೀಗಗಳನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ.

ಮೊದಲನೆಯದು ಗಂಡು ಬಂಜೆತನ. ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಬಾರ್ನೇಸ್ ಅನ್ನುವ ಜೀನ್ ತೆಗೆದು ಗಿಡಕ್ಕೆ ಸೇರಿಸುತ್ತಾರೆ. ಅದು ಪರಾಗಕೋಶದ ಒಳಪದರದಲ್ಲಿ ಮಾತ್ರ ಕೆಲಸ ಮಾಡಿ ಆ ಪದರವನ್ನು ಕೊಲ್ಲುತ್ತೆ. ಪರಾಗವೇ ಹುಟ್ಟಲ್ಲ. ಕೇಳಲು ಚೆನ್ನಾಗಿದೆ. ಆದರೆ ಬೀಜದ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ಹೆಣ್ಣು ಸಾಲಿನಲ್ಲಿ ಪರಾಗ ಇಲ್ಲದಿದ್ದರೂ ಬೀಜ ಕಟ್ಟುತ್ತೆ. ಪಕ್ಕದ ಸಾಲಿನ ಪರಾಗ ತಗೊಂಡು ಕಟ್ಟುತ್ತೆ. ನಮ್ಮ ಇಡೀ ವ್ಯಾಪಾರ ನಿಂತಿರೋದೇ ಅದರ ಮೇಲೆ. ಬಂಜೆ ಮಾಡಿದ್ದು ಪರಾಗವನ್ನು, ಗಿಡವನ್ನಲ್ಲ. ಆ ಬೀಜ ಉದುರಿದರೆ ಜೀನ್ ಅದರ ಜೊತೆಗೇ ಹೋಗುತ್ತೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡಬೇಕು. 2022ರ ಅಕ್ಟೋಬರ್‌ನಲ್ಲಿ ಜಿಇಎಸಿ ಒಪ್ಪಿದ ಡಿಎಂಎಚ್-11 ಅನ್ನುವ ಕುಲಾಂತರಿ ಸಾಸಿವೆಯಲ್ಲೂ ಬಾರ್ನೇಸ್ ಇದೆಯಲ್ಲ, ಹಾಗಾದರೆ ಅದು ಹರಡಲ್ಲ ಅಂತ ಎಷ್ಟೋ ಜನ ತಿಳಿದಿದ್ದಾರೆ. ತಪ್ಪು. ಅಲ್ಲಿ ಬಾರ್ನೇಸ್ ಇರೋದು ಹೈಬ್ರಿಡ್ ಮಾಡಲು ಸುಲಭ ಆಗಲಿ ಅಂತ. ರೈತನ ಹೊಲಕ್ಕೆ ಬರುವ ಗಿಡದಲ್ಲಿ ಬಾರ್‌ಸ್ಟಾರ್ ಅನ್ನುವ ಇನ್ನೊಂದು ಜೀನ್ ಆ ಬಂಜೆತನವನ್ನು ಬಿಡಿಸಿರುತ್ತೆ. ಇಲ್ಲದಿದ್ದರೆ ಕಾಳು ಎಲ್ಲಿಂದ ಕಟ್ಟಬೇಕು? ಹಾಗಾಗಿ ಹೊಲದ ಪ್ರತಿ ಗಿಡವೂ ಪರಾಗ ಬಿಡುತ್ತೆ. ಅಂದರೆ ಅದು ಬೀಗ ಅಲ್ಲ, ತಳಿ ಮಾಡುವ ಸಾಧನ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ಅನುಮತಿಯ ಬಗ್ಗೆ ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರು. ಆ ವ್ಯಾಜ್ಯ ನನ್ನ ವಿಷಯ ಅಲ್ಲ. ಆದರೆ ನಮ್ಮ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳಿನ ಜೊತೆ ಸಾಸಿವೆಯನ್ನೂ ಹಾಕುತ್ತಾರೆ. ದೆಹಲಿಯ ಕಡತದಲ್ಲಿ ಆ ಸಾಲು ಕಾಣಲ್ಲ.

ಎರಡನೆಯದು ನನಗೆ ತುಂಬ ಹಿಡಿಸಿದ ಬೀಗ. ಎಲೆಯನ್ನು ಹಸಿರು ಮಾಡುವ ಕಣ ಇದೆಯಲ್ಲ, ಕ್ಲೋರೋಪ್ಲಾಸ್ಟ್, ಅದಕ್ಕೆ ತನ್ನದೇ ಜೀನ್‌ಗಳಿರುತ್ತವೆ. ಹೆಚ್ಚಿನ ಬೆಳೆಗಳಲ್ಲಿ ಅದು ತಾಯಿ ಗಿಡದಿಂದ ಮಾತ್ರ ಮಗುವಿಗೆ ಬರುತ್ತೆ, ಪರಾಗದ ಮೂಲಕ ಹೋಗಲ್ಲ. ಹೊಸ ಜೀನನ್ನು ಅಲ್ಲಿ ಇಟ್ಟರೆ ಪರಾಗ ಎಷ್ಟು ದೂರ ಹಾರಿದರೂ ಜೀನ್ ಮನೆಯಲ್ಲೇ ಇರುತ್ತೆ. ಎಂಥ ಚಂದದ ಉಪಾಯ ನೋಡಿ! ಆದರೆ "ಹೆಚ್ಚಿನ" ಅನ್ನುವ ಮಾತನ್ನು ಗಮನಿಸಿ. ನಮ್ಮ ನವಣೆಯಲ್ಲೇ ಇದನ್ನು ಅಳೆದಿದ್ದಾರೆ. 2004ರಲ್ಲಿ ಪ್ರಕಟವಾದ ಅಧ್ಯಯನ, 7 ಲಕ್ಷ 80 ಸಾವಿರಕ್ಕೂ ಜಾಸ್ತಿ ಸಸಿಗಳನ್ನು ಪರೀಕ್ಷೆ ಮಾಡಿದ್ದರು. ಸುಮಾರು 10,000ಕ್ಕೆ 3 ಸಸಿಗಳಲ್ಲಿ ಕ್ಲೋರೋಪ್ಲಾಸ್ಟಿನ ಗುಣ ಅಪ್ಪನ ಕಡೆಯಿಂದ ಬಂದಿತ್ತು. ತಂಬಾಕಿನಲ್ಲಿ ಇದು ಅದಕ್ಕಿಂತ ಬಹಳ ಕಡಿಮೆ, ಆದರೂ ಸೊನ್ನೆ ಅಲ್ಲ.

10,000ಕ್ಕೆ 3 ಅಂದರೆ ಕಚೇರಿಯಲ್ಲಿ ಕೂತವರಿಗೆ ಏನೂ ಅಲ್ಲ ಅನ್ನಿಸಬಹುದು. ನವಣೆಯ ಒಂದು ತೆನೆ ಕೈಯಲ್ಲಿ ಹಿಡಿದು ಉದುರಿಸಿ ನೋಡಿ. ಕಾಳು ಎಣಿಸಲು ಹೋದರೆ ಊಟದ ಹೊತ್ತು ಮೀರುತ್ತೆ. ಎಕರೆ ಹೊಲದಲ್ಲಿ ಎಷ್ಟು ತೆನೆ, ಎಷ್ಟು ಕಾಳು? ರಾಜ್ಯ ಸರ್ಕಾರವೇ ಸಿರಿಧಾನ್ಯ ಬೆಳೆಯಿರಿ ಅಂತ ಊರೂರು ಸುತ್ತಿ ಹೇಳುತ್ತಿದೆ. ಯಾರಾದರೂ ನಾಳೆ ಕುಲಾಂತರಿ ನವಣೆ ತಂದು "ಕ್ಲೋರೋಪ್ಲಾಸ್ಟ್ ಬೀಗ ಇದೆ" ಅಂದರೆ, "ತಂಬಾಕಿನ ಲೆಕ್ಕ ತೋರಿಸಬೇಡಿ, ನವಣೆ ಲೆಕ್ಕ ತೋರಿಸಿ" ಅನ್ನುವವರು ನಿಮ್ಮ ಸಮಿತಿಯಲ್ಲಿ ಒಬ್ಬರಾದರೂ ಇರಬೇಕು.

ಮೂರನೆಯದು ಅರಳದ ಹೂವು. ಹೂವು ಬಾಯಿ ಬಿಡದೆ ಒಳಗೊಳಗೇ ಪರಾಗ ಮುಗಿಸಿಕೊಂಡು ಕಾಳು ಕಟ್ಟುವುದು. ಭತ್ತದಲ್ಲಿ ಜಪಾನಿನವರು ಅಂಥ ಗಿಡ ಕಂಡುಕೊಂಡಿದ್ದಾರೆ. ನಮ್ಮ ರಾಗಿಯೂ ಹೆಚ್ಚುಕಮ್ಮಿ ತನ್ನೊಳಗೇ ಮುಗಿಸಿಕೊಳ್ಳುವ ಜಾತಿಯೇ. ಅಂಥ ಸಣ್ಣ ಹೂವಿನ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿ ಕೊಟ್ಟರಲ್ಲ ರಾಗಿ ಲಕ್ಷ್ಮಣಯ್ಯನವರು, ಅವರ ತಾಳ್ಮೆ ಎಂಥದ್ದು ಅಂತ ಚಿಮಟ ಹಿಡಿದ ನಮ್ಮಂಥವರಿಗೆ ಗೊತ್ತು. ವಿಷಯಕ್ಕೆ ಬರುತ್ತೇನೆ. ಹೂವು ಅರಳದಿದ್ದರೆ ಪರಾಗದ ಚಿಂತೆ ಬಹುಪಾಲು ಇಲ್ಲ. ಕಾಳಿನ ಚಿಂತೆ ಇದ್ದೇ ಇದೆ.

ಇನ್ನು ನಾಲ್ಕನೆಯದರ ಹೆಸರು ಎತ್ತಿದರೆ ಸಾಕು, ರೈತ ಸಂಘದವರು ಎದ್ದು ನಿಲ್ಲುತ್ತಾರೆ. ಟರ್ಮಿನೇಟರ್. 1998ರ ಮಾರ್ಚ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಅನ್ನುವ ಬೀಜ ಕಂಪನಿ ಸೇರಿ ಅದಕ್ಕೆ ಪೇಟೆಂಟ್ ಪಡೆದವು. ಬೀಜಕ್ಕೆ ಟೆಟ್ರಾಸೈಕ್ಲಿನ್ ಔಷಧಿಯಲ್ಲಿ ನೆನೆಸುವ ಉಪಚಾರ ಮಾಡಿ ಮಾರುವುದು. ಅದು ಮೊಳೆತು, ಬೆಳೆದು, ಕಾಳು ಕೊಡುತ್ತೆ. ಆ ಕಾಳು ಬಲಿಯುವಾಗ ಒಂದು ವಿಷದ ಜೀನ್ ಎಚ್ಚರವಾಗಿ ಒಳಗಿನ ಮೊಳಕೆಯನ್ನು ಕೊಲ್ಲುತ್ತೆ. ಮುಂದಿನ ವರ್ಷ ಬಿತ್ತಿದರೆ ಹುಟ್ಟಲ್ಲ. ಕಂಪನಿಗೆ ಲಾಭ ಅಂತ ಮಾಡಿದ್ದನ್ನು ಆಮೇಲೆ "ಇದು ಜೀನ್ ಹರಡದ ಹಾಗೆ ತಡೆಯುತ್ತೆ" ಅಂತಲೂ ಹೊಗಳಿದರು.

ಅದೇ ವರ್ಷ ನವೆಂಬರ್‌ನಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರೈತ ಸಂಘದವರು ರಾಯಚೂರು ಜಿಲ್ಲೆಯಲ್ಲಿ ಅಮೆರಿಕದ ಬೀಜ ಕಂಪನಿ ಮಾನ್ಸಾಂಟೊದ ಪರೀಕ್ಷೆಯ ಹತ್ತಿ ಬೆಳೆ ಕಿತ್ತು ಸುಟ್ಟರು. ಸುಟ್ಟದ್ದು ಬಿಟಿ ಹತ್ತಿ. ಟರ್ಮಿನೇಟರ್ ಆಗ ಇನ್ನೂ ಕಾಗದದಲ್ಲಿತ್ತು, ಯಾವ ರೈತನ ಹೊಲಕ್ಕೂ ಬಂದಿರಲಿಲ್ಲ. ಆದರೆ ಊರಲ್ಲಿ ಎರಡೂ ಒಂದೇ ಅಂತ ಮಾತಾಯಿತು. ಹೊಲದಲ್ಲಿ ಏನು ಬಿತ್ತಿದ್ದಾರೆ ಅಂತ ಊರಿಗೆ ಬಿಡಿಸಿ ಹೇಳದಿದ್ದರೆ ಗಾಳಿಸುದ್ದಿ ಹುಟ್ಟದೆ ಇನ್ನೇನು ಹುಟ್ಟುತ್ತೆ?

1999ರಲ್ಲಿ ಮಾನ್ಸಾಂಟೊ ಟರ್ಮಿನೇಟರ್ ಬೀಜವನ್ನು ಮಾರುಕಟ್ಟೆಗೆ ತರಲ್ಲ ಅಂತ ಮಾತು ಕೊಟ್ಟಿತು. ನಮ್ಮ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಇಂಥ ತಂತ್ರಜ್ಞಾನ ಇರುವ ತಳಿಯ ನೋಂದಣಿಯನ್ನೇ ನಿಷೇಧಿಸಿದೆ. ಒಳ್ಳೆಯದಾಯಿತು. ಯಾಕೆ ಅಂದರೆ ಅದು ಬೀಗ ಆಗಿಯೂ ಸರಿ ಇರಲಿಲ್ಲ. ಆ ಗಿಡದ ಪರಾಗ ಹಾರಿ ನನ್ನ ಹೊಲದ ಗಿಡಕ್ಕೆ ಕೂತರೆ ಸಾಯುವುದು ನನ್ನ ಕಾಳಿನ ಮೊಳಕೆ. ನಾನು ಆ ಬೀಜ ಕೊಂಡಿಲ್ಲ, ನನಗೆ ಗೊತ್ತೂ ಇಲ್ಲ. ಮುಂದಿನ ಮುಂಗಾರಿಗೆ ಬಿತ್ತಿದಾಗ ಸಾಲಿನಲ್ಲಿ ಅಲ್ಲಲ್ಲಿ ಖಾಲಿ. ಬೀಜಕ್ಕೆ ಹುಳ ಬಿದ್ದಿರಬೇಕು ಅಂದುಕೊಂಡು ಸುಮ್ಮನಾಗುತ್ತೇನೆ. ಬೇರೆಯವರ ಮನೆ ಬೀಗದ ಖರ್ಚನ್ನು ನಾನು ಕೊಟ್ಟ ಹಾಗೆ.

ಬದನೆಯ ಮಾತು ಬೆಂಗಳೂರಿಗೆ ಹೊಸದಲ್ಲ. ಬಿಟಿ ಬದನೆಯ ಬಗ್ಗೆ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ದೇಶದ 7 ಊರುಗಳಲ್ಲಿ ಸಭೆ ಮಾಡಿದರು. ಕೊನೆಯದು ನಮ್ಮ ಬೆಂಗಳೂರಿನಲ್ಲಿ, 2010ರ ಫೆಬ್ರವರಿ 6ರಂದು. 3 ದಿನದ ಮೇಲೆ ಬಿಟಿ ಬದನೆಗೆ ತಡೆ ಬಿತ್ತು, ಇವತ್ತಿಗೂ ಇದೆ. ಆಗ ಎಲ್ಲರೂ ತಿಂದರೆ ಏನಾಗುತ್ತೆ ಅಂತ ಜಾಸ್ತಿ ಜಗಳ ಆಡಿದರು. ನನಗೆ ಅದಕ್ಕಿಂತ ಹೂವಿನ ಚಿಂತೆ.

ಬದನೆ ತನ್ನ ಪರಾಗ ತಾನೇ ತಗೊಳ್ಳುವ ಗಿಡ ಅಂತ ಪುಸ್ತಕದಲ್ಲಿ ಬರೆದಿರುತ್ತೆ. ಅರ್ಧ ನಿಜ. ಬೇರೆ ಗಿಡದ ಪರಾಗ ಕೂರುವ ಪ್ರಮಾಣ ನಮ್ಮ ದೇಶದ ದಾಖಲೆಗಳಲ್ಲೇ ನೂರಕ್ಕೆ 2ರಿಂದ 48ರವರೆಗೆ ಇದೆ. ಇಷ್ಟು ಏರುಪೇರು ಯಾಕೆ? ದುಂಬಿಯಿಂದ. ಬದನೆಯ ಪರಾಗ ಉಪ್ಪಿನ ಡಬ್ಬಿಯ ಹಾಗೆ ತುದಿಯ ತೂತಿನಿಂದ ಉದುರಬೇಕು. ಜೇನು ಹುಳಕ್ಕೆ ಅದು ಬರಲ್ಲ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ, ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವ ಸಣ್ಣ ದುಂಬಿ ಇವು ಹೂವನ್ನು ತಬ್ಬಿ ಹಿಡಿದು ಝುಂಯ್ ಅಂತ ಮೈ ನಡುಗಿಸುತ್ತವೆ, ಪರಾಗ ಉದುರುತ್ತೆ. ಹಾಗಾಗಿ ದುಂಬಿ ಇರುವ ಊರಲ್ಲಿ ಒಂದು ಲೆಕ್ಕ, ಇಲ್ಲದ ಊರಲ್ಲಿ ಇನ್ನೊಂದು. ಮೂಲ ಬೀಜ ಬೆಳೆಯಲು ಬದನೆ ಹೊಲಗಳ ನಡುವೆ 200 ಮೀಟರ್ ಅಂತರ ಇರಬೇಕು ಅಂತ ನಿಯಮ ಇದೆ. ದುಂಬಿ ಟೇಪ್ ಹಿಡಿದುಕೊಂಡು ಹಾರಲ್ಲ.

ಗಾಳಿಯದು ಇನ್ನೂ ಬೇರೆ ಲೆಕ್ಕ. 2003ರಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಗಾಲ್ಫ್ ಮೈದಾನಕ್ಕೆ ಅಂತ ಕುಲಾಂತರಿ ಹುಲ್ಲು ಬೆಳೆಸಿದ್ದರು. ಅದರ ಪರಾಗ 21 ಕಿಲೋಮೀಟರ್ ದೂರ ಹೋಗಿ ಕೂಡಿದ್ದು ಸಿಕ್ಕಿತು. ವಿಧಾನಸೌಧದಿಂದ ಹಾರಿದರೆ ಯಲಹಂಕ ದಾಟಿ ಇನ್ನೂ ಮುಂದೆ. ಆ ಹುಲ್ಲಿನಲ್ಲೂ ಗಂಡು ಬಂಜೆ ಮಾಡುವ ಬೀಗವನ್ನು ವಿಜ್ಞಾನಿಗಳು ಮಾಡಿ ತೋರಿಸಿದ್ದಾರೆ. ಆದರೆ ಅದು ಗರಿಕೆಯ ಹಾಗೆ ನೆಲದ ಮೇಲೆ ಹಬ್ಬುವ ಹುಲ್ಲು. ಹೂವಿಗೆ ಬೀಗ ಹಾಕಿದರೂ ಬಳ್ಳಿಗೆ ಯಾರು ಹಾಕುತ್ತಾರೆ?

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬಂದೆ. ದೊಡ್ಡ ದೊಡ್ಡ ಎಡವಟ್ಟುಗಳು ಪರಾಗದಿಂದ ಆದದ್ದು ಕಡಿಮೆ. ಭತ್ತ, ಗೋಧಿ ಎರಡೂ ಪರಾಗವನ್ನು ಮನೆಯೊಳಗೇ ಇಟ್ಟುಕೊಳ್ಳುವ ಸಾಧು ಬೆಳೆಗಳು, ದೇವರೇ ಹಾಕಿದ ಬೀಗ ಇದೆ. ಆದರೂ ಅಮೆರಿಕದಲ್ಲಿ 2001ಕ್ಕೇ ಪರೀಕ್ಷೆ ಮುಗಿದಿದ್ದ ಎಲ್‌ಎಲ್ 601 ಅನ್ನುವ ಕುಲಾಂತರಿ ಭತ್ತ 2006ರಲ್ಲಿ ಮಾರುಕಟ್ಟೆಯ ಅಕ್ಕಿಯಲ್ಲಿ ಸಿಕ್ಕಿತು. ರೈತರಿಗೆ ಪರಿಹಾರ ಅಂತ ಆ ಭತ್ತದ ಒಡೆತನ ಇದ್ದ ಬೇಯರ್ ಕಂಪನಿ 2011ರಲ್ಲಿ 75 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಕಳೆನಾಶಕ ತಡೆದುಕೊಳ್ಳುವ ಕುಲಾಂತರಿ ಗೋಧಿಯ ಪರೀಕ್ಷೆಗಳು 2005ರಲ್ಲಿ ಮುಗಿದಿದ್ದವು. 2013ರಲ್ಲಿ ಆರೆಗನ್ ರಾಜ್ಯದ ಒಬ್ಬ ರೈತ ಕಳೆನಾಶಕ ಹೊಡೆದಾಗ ಒಂದಷ್ಟು ಗೋಧಿ ಸಾಯಲಿಲ್ಲ. ನೋಡಿದರೆ ಅದೇ ಗೋಧಿ. ಜಪಾನ್ ಕೆಲವು ಕಾಲ ಖರೀದಿ ನಿಲ್ಲಿಸಿತು. 2001ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಹಂದಿಗಳ ಲಸಿಕೆಗಾಗಿ ಬೆಳೆದ ಮೆಕ್ಕೆಜೋಳದ ಉದುರಿದ ಕಾಳು ಮುಂದಿನ ವರ್ಷ ಸೋಯಾ ಹೊಲದಲ್ಲಿ ಹುಟ್ಟಿತು. ಗೋದಾಮಿನ ಸುಮಾರು 5 ಲಕ್ಷ ಬುಶೆಲ್ (ಅಲ್ಲಿನ ಧಾನ್ಯದ ಅಳತೆ) ಸೋಯಾ ನಾಶ ಮಾಡಬೇಕಾಯಿತು.

ನಮ್ಮಲ್ಲಿ ಇನ್ನೂ ಸಲೀಸು. ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲೇ, 2001ರಲ್ಲಿ, ಗುಜರಾತಿನ ಹೊಲಗಳಲ್ಲಿ ಅದು ಬೇರೆ ಹೆಸರಲ್ಲಿ ಬೆಳೆದು ನಿಂತಿತ್ತು. ಸಾರ್ವಜನಿಕ ಸಂಸ್ಥೆಗಳು ಸೇರಿ ಮಾಡಿದ ಬಿಕನೇರಿ ನರ್ಮ ಬಿಟಿ ಹತ್ತಿ 2009ರಲ್ಲಿ ಬಂತು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೈಯೂ ಅದರಲ್ಲಿತ್ತು. ಆಮೇಲೆ ಅದರಲ್ಲಿ ಮಾನ್ಸಾಂಟೊದ ಜೀನ್ ಕಂಡು ಮಾರಾಟ ನಿಂತು ತನಿಖೆಗೆ ಸಮಿತಿ ಕೂತಿತು. 2019ರಲ್ಲಿ ಹರಿಯಾಣದ ಫತೇಹಾಬಾದಿನಲ್ಲಿ ಸರ್ಕಾರದ ತಡೆ ಇರುವ ಬಿಟಿ ಬದನೆಯೇ ಹೊಲದಲ್ಲಿ ಸಿಕ್ಕಿತು. ಇದರಲ್ಲಿ ಯಾವುದನ್ನೂ ಬಾರ್ನೇಸ್ ತಡೆಯುತ್ತಿರಲಿಲ್ಲ, ಕ್ಲೋರೋಪ್ಲಾಸ್ಟೂ ತಡೆಯುತ್ತಿರಲಿಲ್ಲ. ಬೀಜ ಜೇಬಿನಲ್ಲಿ ಹೋಗುತ್ತೆ. ಗೋಣಿ ಚೀಲದ ಹೊಲಿಗೆಯಲ್ಲಿ, ಟ್ರ್ಯಾಕ್ಟರಿನ ಟೈರಿನ ಮಣ್ಣಿನಲ್ಲಿ ಹೋಗುತ್ತೆ. ನಮ್ಮ ಕಂಪನಿಯಲ್ಲೇ ನನ್ನ ಜೊತೆಗಾತಿಯೊಬ್ಬಳು ಸೆರಗಿನಲ್ಲಿ 4 ಬದನೆಕಾಯಿ ಕಟ್ಟಿಕೊಂಡು ಹೋಗಿದ್ದಳು. ಮಗಳಿಗೆ ಎಣ್ಣೆಗಾಯಿ ಇಷ್ಟ ಅಂತ. ಅವಳನ್ನು ಕೆಲಸದಿಂದ ತೆಗೆದರು. ಅವಳಿಗೆ ಆ ಕಾಯಿ ಯಾಕೆ ಮನೆಗೆ ಒಯ್ಯಬಾರದು ಅಂತ ಮಾತ್ರ ಯಾರೂ ಒಂದು ದಿನ ಕೂರಿಸಿಕೊಂಡು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಹಾಗಾಗಿ ನನ್ನ ಕೋರಿಕೆಗಳು ಹೀಗಿವೆ, ಮಾನ್ಯರೇ.

ಎನ್‌ಒಸಿ ಕೇಳಿ ಯಾರೇ ಬಂದರೂ ಬೀಗದ ಹೆಸರು ಕೇಳಿ ಸುಮ್ಮನಾಗಬೇಡಿ. ಅದು ಇದೇ ಬೆಳೆಯಲ್ಲಿ, ನಮ್ಮ ಹವೆಯಲ್ಲಿ ಎಷ್ಟು ಸಲ ಸೋತಿದೆ ಅನ್ನುವ ಲೆಕ್ಕ ಕೇಳಿ. ಎಷ್ಟು ಸಸಿ ಎಣಿಸಿದ್ದಾರೆ ಅಂತಲೂ ಕೇಳಿ. 500 ಸಸಿ ಎಣಿಸಿ "ಒಂದೂ ಸಿಗಲಿಲ್ಲ" ಅಂದರೆ ನವಣೆಯಲ್ಲಿ ಸಿಕ್ಕ ಆ 3 ಬಹುಶಃ ಸಿಗುತ್ತಿರಲಿಲ್ಲ. ಒಂದೇ ಬೀಗ ಇದ್ದರೆ ಇಲ್ಲ ಅಂತ ಹೇಳಿ. ಒಂದು ಪರಾಗಕ್ಕೆ, ಇನ್ನೊಂದು ಬೀಜಕ್ಕೆ ಇರಲಿ, ಮೇಲೆ ಬಲೆಯೂ ಇರಲಿ. ಬೀಜಕ್ಕೆ ಅಂದೆ, ಆದರೆ ರೈತ ಕೊಂಡುಕೊಳ್ಳುವ ತಳಿಗೆ ಬೀಜ ಸಾಯಿಸುವ ಬೀಗ ಬೇಡ. ಅದು ಪರೀಕ್ಷೆಯ ಹೊಲದ ಒಳಗೆ ಮಾತ್ರ. ಇದನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಟರ್ಮಿನೇಟರ್ ಹೊಸ ಹೆಸರು ಇಟ್ಟುಕೊಂಡು ಹಿಂದಿನ ಬಾಗಿಲಿನಿಂದ ಬರುತ್ತೆ.

ಜಿಲ್ಲಾ ಸಮಿತಿಗಳನ್ನು ಎಬ್ಬಿಸಿ. ನಿಯಮದಲ್ಲಿ ಅದರಲ್ಲಿ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಇದ್ದಾರೆ, ಆರೋಗ್ಯಾಧಿಕಾರಿ ಇದ್ದಾರೆ, ಕೃಷಿ ಅಧಿಕಾರಿ ಇದ್ದಾರೆ. ಬೀಜದ ಹೊಲದಲ್ಲಿ ಕೆಲಸ ಮಾಡಿದ ಒಬ್ಬ ಹೆಣ್ಣುಮಗಳನ್ನೂ ಕರೆದುಕೊಳ್ಳಿ. ಬಲೆಯ ತೂತು ನಮಗೆ ಬೇಗ ಕಾಣುತ್ತೆ. ಮತ್ತೆ, ಪರೀಕ್ಷೆ ನಡೆಯುವಾಗ ಬರುವುದಕ್ಕಿಂತ ಮುಗಿದ ಮೇಲೆ ಬನ್ನಿ. ಕಟಾವಿನ ಮೇಲೆ ಮೊದಲ ಮಳೆ ಬಿದ್ದಾಗ ತಾನಾಗಿ ಏನೇನು ಹುಟ್ಟಿದೆ ಅಂತ ನೋಡುವುದೇ ನಿಜವಾದ ತಪಾಸಣೆ. ಒಂದು ವರ್ಷ ನೋಡಿ ಬಿಟ್ಟರೆ ಸಾಲದು. ಆ ಗೋಧಿ ನೆನಪಿರಲಿ.

ಊರಿಗೆ ಕನ್ನಡದಲ್ಲಿ ಹೇಳಿ. ಯಾವ ಸರ್ವೆ ನಂಬರು, ಯಾವ ಬೆಳೆ, ಯಾವ ಜೀನ್, ಎಂಥ ಬೀಗ, ಏನಾದರೂ ಎಡವಟ್ಟಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಒಂದು ಹಾಳೆ ಸಾಕು, ಪಂಚಾಯಿತಿ ಗೋಡೆಗೆ ಅಂಟಿಸಿ. ಹೊಲದಲ್ಲಿ ಕೆಲಸ ಮಾಡುವವರಿಗೆ ಮೊದಲ ದಿನವೇ ಕೂರಿಸಿ ಹೇಳಿ, ಮನೆಗೆ ಒಯ್ಯಲು ಬೇರೆ ಬದನೆಕಾಯಿ ಕೊಡಿಸಿ. ನಗಬೇಡಿ, ನಾನು ತಮಾಷೆ ಮಾಡುತ್ತಿಲ್ಲ. ಅದರಷ್ಟು ಅಗ್ಗದ ಬೀಗ ಬೇರೆ ಇಲ್ಲ.

ಜೀನ್ ತಿದ್ದಿದ ಬೆಳೆಗಳದ್ದು ಇನ್ನೊಂದು ದೊಡ್ಡ ಕತೆ. ಹೊರಗಿನ ಜೀನ್ ಇಲ್ಲದ ಕೆಲವು ಬಗೆಗಳಿಗೆ 2022ರಲ್ಲೇ ಕೇಂದ್ರ ವಿನಾಯಿತಿ ಕೊಟ್ಟಿದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಕೊನೆಗೆ ಒಂದು ಆಹ್ವಾನ. ನನ್ನ ನರ್ಸರಿಯ ಹಿಂದೆ 6 ಬದನೆ ಗಿಡ ಇವೆ, ಈಗ ಹೂವು ಬಿಟ್ಟಿವೆ. ನಿಮ್ಮ ಸಮಿತಿಯವರು ಯಾರಾದರೂ ಬಂದರೆ ದುಂಬಿ ಹೂವು ನಡುಗಿಸುವುದನ್ನು ತೋರಿಸುತ್ತೇನೆ. ಹಳೆಯ ಬಲೆಯ ತುಂಡು ಒಂದನ್ನೂ ಇಟ್ಟುಕೊಂಡಿದ್ದೇನೆ, ತೂತಿನ ಸಮೇತ. ಬೆಳಿಗ್ಗೆ ಬೇಗ ಬನ್ನಿ. ಹತ್ತರ ಮೇಲೆ ಗಿರಾಕಿಗಳು ಬರಲು ಶುರುವಾದರೆ ನನಗೆ ಪುರುಸೊತ್ತಿರಲ್ಲ.

ಇಂತಿ ನಮಸ್ಕಾರಗಳೊಂದಿಗೆ,
ಹೆಸರಘಟ್ಟ ರಸ್ತೆಯ ಒಬ್ಬ ನರ್ಸರಿಯವಳು